ಪಂಕ್ತಿಯಲ್ಲಿ ಹೇಳಿದ ಸ್ಪ್ಯಾನಿಷ್

ಸ್ಪ್ಯಾನಿಷ್ ಪದವಿಗೆ ಸೇರಿದ ಮೇಲೆ ನಾನು ನೆಂಟರಿಷ್ಟರ ಪಾಲಿಗೆ ಮಾತಾಡುವ ಗಿಳಿಯಾದೆ. ರಜೆಗೆ ಶಿರಸಿಗೆ ಬಂದರೆ ಸಾಕು, ಯಲ್ಲಾಪುರದ ದೊಡ್ಡಮ್ಮನ ಮನೆಯಿರಲಿ, ಸಿದ್ದಾಪುರದ ಅಜ್ಜನ ಮನೆಯಿರಲಿ, ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಯಾರಾದರೂ "ಎಂತಾದ್ರೂ ಒಂದು ಹೇಳೆ ಕೂಸೆ" ಎನ್ನುತ್ತಿದ್ದರು. ನಾನು ಮಳೆ ಬಿಸಿಲಿನ ಬಗ್ಗೆ ಎರಡು ವಾಕ್ಯ ಒದರುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆಮೇಲೆ ಇದನ್ನು ಕಲಿತು ಮುಂದೆ ಏನು ಮಾಡುತ್ತೀ ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೂ ಸ್ಪ್ಯಾನಿಷಿನಲ್ಲೇ ಏನೋ ಒಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದೆ.

ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದವರು ಮಾತ್ರ ಕಡಿಮೆ. ಮೊದಲ ವರ್ಷ ಉಚ್ಚಾರ, ವ್ಯಾಕರಣ, ಪೇಟೆಯಲ್ಲಿ ದಾರಿ ಕೇಳುವುದು. ಎರಡನೆಯ ವರ್ಷ ಇತಿಹಾಸ. ಆ ಭಾಷೆ ಹಡಗು ಹತ್ತಿ ಸಮುದ್ರ ದಾಟಿದ್ದು, ಹೋದಲ್ಲೆಲ್ಲ ಎಷ್ಟೋ ಭಾಷೆಗಳ ಬಾಯಿ ಮುಚ್ಚಿಸಿದ್ದು, ಆದರೂ ಅವುಗಳ ಕೆಲವು ಮಾತು ಅದರೊಳಗೇ ನುಸುಳಿ ಉಳಿದದ್ದು. ನಾವು ದಿನಾ ಹೇಳುವ ಟೊಮೆಟೊ ಕೂಡ ಹಾಗೆ ಉಳಿದದ್ದಂತೆ. ಮೆಕ್ಸಿಕೋದಲ್ಲಿ ಸತ್ತವರಿಗೆ ವರ್ಷಕ್ಕೊಮ್ಮೆ ಅವರಿಷ್ಟದ ಅಡುಗೆ ಮಾಡಿಡುತ್ತಾರೆಂದು ಓದಿದಾಗ ಗೆಳತಿಯರು ಬೆರಗಾದರು, ನನಗೆ ಇದರಲ್ಲೇನು ವಿಶೇಷ ಅನ್ನಿಸಿತು. ಮೂರನೆಯ ವರ್ಷ ಅನುವಾದ, ಜೊತೆಗೆ ಚರ್ಚೆಯ ತರಗತಿ. ನನ್ನನ್ನು ಕೆಡಿಸಿದ್ದು ಅದು. ಮೇಷ್ಟರು ಒಂದು ಮಾತು ಹೇಳುತ್ತಿದ್ದರು, ನಾವು ಅವರೆದುರೇ ಅದನ್ನು ಅಲ್ಲಗಳೆಯಬೇಕಿತ್ತು. ಸುಮ್ಮನೆ ತಲೆಯಾಡಿಸಿದವರಿಗೆ ಅಂಕವಿಲ್ಲ. ನನಗೆ ಏನು ಬೇಕು, ಯಾಕೆ ಬೇಕು ಎಂದು ಎದುರಿಗೆ ನಿಂತು ಹೇಳುವುದನ್ನು ನಾನು ಕಲಿತದ್ದು ಸ್ಪ್ಯಾನಿಷಿನಲ್ಲಿ. ಮನೆಯ ಮಾತಿನಲ್ಲಿ ಅಪ್ಪನೆದುರು ನನಗೆ ಬರುತ್ತಿದ್ದದ್ದು 'ಹೂಂ' ಒಂದೇ.

ಅಪ್ಪ ಕೆಟ್ಟವನಾಗಿದ್ದರೆ ಸುಲಭವಿತ್ತು. ಶಿರಸಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ ಅವನದು. ಹುಡುಗಿ ಇಲ್ಲೇ ಓದಿ ಟೀಚರಾಗಲಿ ಎಂದು ಬಳಗವೆಲ್ಲ ಹೇಳಿದಾಗ ಯಾರ ಮಾತಿಗೂ ಸೊಪ್ಪು ಹಾಕದೆ ನನ್ನನ್ನು ದೂರದ ವಿಶ್ವವಿದ್ಯಾಲಯಕ್ಕೆ ಸೇರಿಸಿ ಬಂದವನು ಅವನೇ. ಈ ಬೇಸಿಗೆಯಲ್ಲಿ ಸ್ಪೇನಿನ ಒಂದು ಕಾಲೇಜಿನಲ್ಲಿ ಆರು ತಿಂಗಳು ಓದಲು ನನ್ನ ಆಯ್ಕೆಯಾಯಿತು. ಖರ್ಚೆಲ್ಲ ಅವರದೇ. ಮನೆಯವರು ಒಪ್ಪಿದ್ದಾರೆಂದು ಒಂದು ಸೋಮವಾರದೊಳಗೆ ತಿಳಿಸಬೇಕಿತ್ತು. ಅಪ್ಪ ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಅಷ್ಟು ದೂರ ಎಂತಕ್ಕೆ" ಎಂದವನು ಮತ್ತೆ ಆ ಸುದ್ದಿ ಎತ್ತಲೇ ಇಲ್ಲ. ನಾನು ಎತ್ತಿದರೆ ಊಟ ಆಯಿತೇ ಎಂದು ಕೇಳುತ್ತಿದ್ದ. ಜಗಳಕ್ಕೇ ಬರದವನ ಜೊತೆ ಜಗಳವಾಡುವುದು ಹೇಗೆ? ಮೈಯೆಲ್ಲ ಉರಿಯುವಷ್ಟು ಸಿಟ್ಟು ಬರುತ್ತಿತ್ತು, ಅವನ ಮುಖ ನೋಡಿದರೆ ನಾಚಿಕೆಯೂ ಆಗುತ್ತಿತ್ತು.

ಆ ಸೋಮವಾರದ ಹಿಂದಿನ ದಿನ ಕಾನಸೂರಿನಲ್ಲಿ ಅತ್ತೆಯ ಮಗನ ಉಪನಯನ. ನಮ್ಮಲ್ಲಿ ಊಟದ ಪಂಕ್ತಿಯಲ್ಲಿ ಬಡಿಸುವವರು ಓಡಾಡುತ್ತಿರುವಾಗ ಕೂತವರಲ್ಲಿ ಯಾರಾದರೂ ರಾಗವಾಗಿ ಶ್ಲೋಕ ಹೇಳುತ್ತಾರೆ. ಗ್ರಂಥ ಹೇಳುವುದು ಎಂದೇ ಅದಕ್ಕೆ ಹೆಸರು. ಮುಗಿಯುತ್ತಿದ್ದಂತೆ ಪಂಕ್ತಿಗೆ ಪಂಕ್ತಿಯೇ ಹರ ಹರ ಮಹಾದೇವ ಎನ್ನುತ್ತದೆ. ಇಬ್ಬರು ಮೂವರದ್ದು ಆದ ಮೇಲೆ ಅತ್ತೆ ಹೋಳಿಗೆಯ ಪಾತ್ರೆ ಹಿಡಿದು ನನ್ನೆದುರು ನಿಂತಳು. "ಈಗ ಯಮ್ಮನೆ ಕೂಸು ಸ್ಪ್ಯಾನಿಷ್ ಗ್ರಂಥ ಹೇಳ್ತು" ಎಂದು ಎಲ್ಲರಿಗೂ ಕೇಳುವ ಹಾಗೆ ಸಾರಿದಳು.

ಮಳೆ ಬಿಸಿಲಿನ ವಾಕ್ಯ ಅಲ್ಲಿಗೆ ಸಾಲದು. ಎದುರು ಸಾಲಿನಲ್ಲಿ ಅಪ್ಪ ಕೂತಿದ್ದ, ನನ್ನ ಮಗಳು ಎಂಬ ಹೆಮ್ಮೆ ಮುಖದ ತುಂಬ ಇತ್ತು. ಇಷ್ಟು ದಿನ ಒಳಗೇ ಇಟ್ಟುಕೊಂಡ ಮಾತೆಲ್ಲ ಬಾಯಿಗೆ ಬಂತು. ಅವನನ್ನೇ ನೋಡುತ್ತ, ಸ್ಪ್ಯಾನಿಷಿನಲ್ಲಿ, ಶ್ಲೋಕದ ರಾಗದಲ್ಲೇ ಹೇಳತೊಡಗಿದೆ. ನಾನು ಹೋಗಬೇಕು. ಇಲ್ಲಿಯವರೆಗೆ ಕೈಹಿಡಿದು ಕಳಿಸಿದ ನೀನೇ ಈಗ ದಾರಿಗೆ ಅಡ್ಡ ಕೂತಿದ್ದೀಯ. ಬೇಡವಾದರೆ ಬೇಡ ಅನ್ನು, ಯಾಕೆಂದು ಹೇಳು. ಹೀಗೆ ಸುಮ್ಮನಿದ್ದು ನನ್ನನ್ನು ಕಟ್ಟಿಹಾಕಬೇಡ. ತರಗತಿಯಲ್ಲೂ ನಾನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಕೊನೆಯ ಮಾತನ್ನು ಶ್ಲೋಕದ ಹಾಗೇ ಎಳೆದು ನಿಲ್ಲಿಸಿದೆ.

ಹರ ಹರ ಮಹಾದೇವ ಎಂದಿತು ಪಂಕ್ತಿ, ಚಪ್ಪರ ಹಾರಿಹೋಗುವಂತೆ. ಅಪ್ಪನೂ ಎಲ್ಲರ ಜೊತೆ ಎಂದ. ಅತ್ತೆ ಮೆಚ್ಚಿ ಇನ್ನೊಂದು ಹೋಳಿಗೆ ಹಾಕಿದಳು. ಪಕ್ಕದ ಎಲೆಯ ಅಜ್ಜಿ ನನ್ನ ಕಣ್ಣು ಒದ್ದೆಯಾದದ್ದನ್ನು ಕಂಡು, "ಭಕ್ತಿಲಿ ಹೇಳ್ದೆ ತಂಗಿ, ಚೊಲೋ ಆತು" ಎಂದರು.

ಅಮ್ಮ ಪಾತ್ರೆಪಗಡೆ ಎತ್ತಿಡಲು ಅತ್ತೆಯ ಮನೆಯಲ್ಲೇ ಉಳಿದಳು. ಸಂಜೆ ಕಾರಿನಲ್ಲಿ ಶಿರಸಿಗೆ ಹೊರಟದ್ದು ಅಪ್ಪ ಮತ್ತು ನಾನು. ಊರು ದಾಟಿದ ಮೇಲೆ ಅಪ್ಪ ಕೇಳಿದ.

"ಪಂಕ್ತಿಲಿ ನೀ ಹೇಳ್ದೆಲೆ, ಅದರ ಅರ್ಥ ಎಂತದು?"

ದೇವರ ಸ್ತುತಿ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮರುದಿನವೇ ಸೋಮವಾರ. ಒಂದೊಂದೇ ವಾಕ್ಯವನ್ನು ಮನೆಯ ಮಾತಿಗೆ ತಂದೆ. ವರ್ಷವಿಡೀ ಅನುವಾದ, ಚರ್ಚೆ ಎಂದು ಕಲಿತವಳಿಗೆ ಈ ನಾಲ್ಕು ಸಾಲು ಕಲ್ಲು ಹೊತ್ತಷ್ಟು ಭಾರವಾಯಿತು. ನಾನು ಹೋಗಬೇಕು ಎಂಬ ಮೊದಲ ಸಾಲು "ಆನು ಹೋಗವು ಅಪ್ಪಯ್ಯ" ಎಂದಾಗುವಾಗಲೇ ನನ್ನ ಧ್ವನಿ ನನಗೇ ಕೇಳಿಸುವಂತಿರಲಿಲ್ಲ.

ಅಪ್ಪ ಎದುರಿನ ಬಸ್ಸಿಗೆ ದಾರಿ ಬಿಟ್ಟ.

"ಯಂಗೆ ಹೆದ್ರಿಕೆ ಆಗ್ತು ಕೂಸೆ" ಎಂದು ತನ್ನ ಭಯವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. "ಅಲ್ಲಿಗೆ ಹೋದ್ರೆ ನೀನು ತಿರುಗಿ ಬತ್ತಿಲ್ಲೆ. ಬ್ಯಾಡ."

ನಾನು ಕಿಟಕಿಯ ಕಡೆ ತಿರುಗಿದೆ. ಅತ್ತರೆ ಅವನಿಗೆ ಕಾಣಬಾರದು ಎಂದಿತ್ತು.

"ಮಧ್ಯಾಹ್ನ ಪಂಕ್ತಿಲಿ ನಮ್ಮ ಮಾತಲ್ಲೇ ಹೇಳಿದ್ರೆ," ಎಂದ ಅಪ್ಪ, "ಅಷ್ಟು ಜನರ ಎದ್ರಿಗೆ ಯಂಗೆ ಬ್ಯಾಡ ಹೇಳಲೆ ಆಗ್ತಿತ್ತಿಲ್ಲೆ."

"ಈಗ?"

"ಈಗ ಇಲ್ಲಿ ನಾವಿಬ್ರೇ ಇಪ್ಪದು."