ಕಲೆ ಬಿದ್ದ ಕಾಯಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಫಕ್ಕೀರಪ್ಪನಿಗೆ ಆಪರೇಷನ್ ಎಂದರೆ ಬೀಗರ ಊಟಕ್ಕೆ ಹೋಗಿಬಂದಷ್ಟು ಸಲೀಸು. ಕರುಳಿನ ಕ್ಯಾನ್ಸರ್ ಕೊಯ್ಸಿಕೊಂಡ. ಅದು ಲಿವರಿಗೆ ಹಬ್ಬಿದಾಗ ಅದರದೊಂದು ತುಂಡನ್ನೂ ತೆಗೆಸಿಕೊಂಡ. ಕೇಳಿದವರಿಗೆಲ್ಲ ಅಂಗಿ ಎತ್ತಿ ಹೊಲಿಗೆ ತೋರಿಸುತ್ತಾನೆ. ರಾಶಿಯಿಂದ ಕಲೆ ಬಿದ್ದ ಕಾಯಿ ಆರಿಸಿ ಎಸೆಯುತ್ತ, "ಇಷ್ಟ ನೋಡ್ರಿ, ಕೆಟ್ಟದ್ದು ತಗದ್ರ ಉಳದದ್ದು ಚಲೋ ಇರ್ತೈತಿ. ಲಿವರ್ ಅಂತೂ ಮತ್ತ ಬೆಳೀತೈತಿ," ಎನ್ನುತ್ತಾನೆ. ಹುಬ್ಬಳ್ಳಿಯ ಡಾಕ್ಟರಿಗೂ ಇದೇ ಪಾಠ ಹೇಳುತ್ತಾನೆ. ನಿನ್ನೆ ಅವರು, "ಲಿವರಿನ್ಯಾಗ ಮತ್ತ ಗಂಟು ಕಾಣಾಕತ್ತೈತಿ, ಇನ್ನೊಮ್ಮೆ ಕೊಯ್ಯಬೇಕ್ರಿ," ಎಂದರು. ಇಂದು ಅಂಗಡಿಯಲ್ಲಿ ಅವನು ಕಲೆ ಬಿದ್ದ ಕಾಯೊಂದನ್ನು ಎತ್ತಿ, ತಿರುಗಿಸಿ ನೋಡಿ, "ಇರ್ಲಿ ಬಿಡು, ಎಷ್ಟಂತ ಆರಸೂದು," ಎಂದು ರಾಶಿಗೇ ಹಾಕಿದ. ಹೆಂಡತಿ ಉಡಚವ್ವ ಅದೇ ಕಾಯನ್ನು ಹುಡುಕಿ ತೆಗೆದು ಹೊರಗೆ ಎಸೆದಳು. "ಏಳ್ರಿ, ಹುಬ್ಬಳ್ಳಿ ಬಸ್ಸಿಗೆ ಹೊತ್ತಾತು."