ಕ್ಯಾಶುವಲ್ ಎಂದು ಬರೆದ ಚೀಟಿ

ಕೋವಿಡ್‌ನ ಎರಡನೇ ಅಲೆ ಇಳಿದ ಮಾರನೇ ವರ್ಷ. ಚಳ್ಳಕೆರೆಯಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಇಪ್ಪತ್ತು ಹಾಸಿಗೆಯ ಸಣ್ಣ ಆಸ್ಪತ್ರೆಯಲ್ಲಿ ನಾನು ಆಪ್ತ ಸಮಾಲೋಚಕಿಯಾಗಿದ್ದೆ. ಆ ಆಸ್ಪತ್ರೆ ಈಗ ಮುಚ್ಚಿದೆ, ಹೆಸರು ಬೇಡ. ಕುಡಿತ, ಗಂಡ ಹೆಂಡಿರ ಜಗಳ, ಪರೀಕ್ಷೆಯ ಭಯ, ಇವೇ ನನ್ನ ದಿನನಿತ್ಯದ ಕೇಸುಗಳು. ಆ ವರ್ಷ ಅವುಗಳ ಜೊತೆಗೆ ಮೊಬೈಲ್ ಗೇಮಿನ ಕೇಸುಗಳೂ ಬರತೊಡಗಿದವು. ನನಗಾಗ ಐವತ್ತಾರು ವರ್ಷ. ಚೌಕಾಬಾರ ಬಿಟ್ಟು ಬೇರೆ ಆಟ ಗೊತ್ತಿಲ್ಲದವಳು. ಗೊತ್ತಿಲ್ಲದ ನೌಕರರು ಮೊದಲು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಒಂದು ಫಾರಂ ತಯಾರಿಸಿದೆ.

ಆ ಫಾರಂನಲ್ಲಿ ಎರಡು ಚೌಕ ಮನೆಗಳಿದ್ದವು. ಒಂದರ ಮುಂದೆ ‘ಕ್ಯಾಶುವಲ್’, ಇನ್ನೊಂದರ ಮುಂದೆ ‘ಹಾರ್ಡ್‌ಕೋರ್’. ಬಿಡುವಿನಲ್ಲಿ ಸಣ್ಣಪುಟ್ಟ ಆಟ ಆಡಿ ಫೋನು ಬದಿಗಿಡುವವರು ಕ್ಯಾಶುವಲ್. ತಂಡ ಕಟ್ಟಿಕೊಂಡು, ಅಭ್ಯಾಸ ಮಾಡಿ, ಪಣ ತೊಟ್ಟು ಆಡುವವರು ಹಾರ್ಡ್‌ಕೋರ್. ಗೇಮ್ ಆಡುವವರ ನಡುವೆ ಇದೊಂದು ಮುಗಿಯದ ಜಗಳ, ಯಾರು ನಿಜವಾದ ಆಟಗಾರರು ಎಂದು ಅವರು ಬಡಿದಾಡುತ್ತಲೇ ಇರುತ್ತಾರೆ ಎಂದು ಎಲ್ಲೋ ಓದಿದ್ದೆ. ಅವರ ಜಗಳದ ಪದಗಳನ್ನು ತಂದು ನನ್ನ ರೋಗನಿರ್ಣಯದ ಪದಗಳನ್ನಾಗಿ ಮಾಡಿಕೊಂಡೆ. ಹಾರ್ಡ್‌ಕೋರ್ ಎಂದರೆ ಅಪಾಯ, ಕ್ಯಾಶುವಲ್ ಎಂದರೆ ಚಿಂತೆಯಿಲ್ಲ. ಫಾರಂ ನೋಡಿ ನಮ್ಮ ಡಾಕ್ಟರು ‘ಭೇಷ್’ ಅಂದಿದ್ದರು, ನಾನೂ ಬೀಗಿದ್ದೆ.

ಆ ವರ್ಷದ ಬೇಸಿಗೆಯ ಒಂದು ಗುರುವಾರ ತಿಪ್ಪಮ್ಮ ತನ್ನ ಮಗನನ್ನು ಕರೆದುಕೊಂಡು ಬಂದಳು. ನಲವತ್ತಾರರ ಹೆಂಗಸು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವಳು. ಮಗ ಓಬಳೇಶನಿಗೆ ಇಪ್ಪತ್ಮೂರು. ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ, ಅಲ್ಲೇ ಹತ್ತಿರ ಬಾಡಿಗೆ ಕೋಣೆ. ಅವನ ಊಟದ ಬಿಡುವಿಗೆ ಸರಿಯಾಗಿ ಬರಲು ಆಕೆ ಬೆಳಿಗ್ಗೆಯೇ ಬಸ್ಸು ಹತ್ತಿ ಹಾನಗಲ್ಲು, ತಳಕು ದಾಟಿ ಬಂದಿದ್ದಳು.

“ಇವನಿಗೆ ಫೋನಿನ ಹುಚ್ಚು ಹಿಡ್ದೈತೆ ಮೇಡಂ,” ಎಂದಳು. “ಬಂದೂಕ ಹಿಡ್ಕಂಡು ಸುಡೋ ಆಟ. ಊರಿಗ್ ಬಾ ಅಂದ್ರೆ ಮ್ಯಾಚ್ ಐತೆ ಅಂತಾನೆ. ಇವ್ನು ಬಂದು ನನ್ ಪಕ್ಕ ಕುಂತ್ರೇನೇ ಮಗ್ಗ ನಡಿಯೋದು.”

ಮಗ್ಗದ ವಿಷಯ ಸ್ವಲ್ಪ ಹೇಳಬೇಕು. ಅವರದು ಗುಂಡಿ ಮಗ್ಗ. ನೇಯುವವರು ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಪಾದದಿಂದ ತುಳಿಯುತ್ತಾರೆ. ಸೀರೆಯ ಒಡಲಿಗೊಂದು ಬಣ್ಣ, ದೊಡ್ಡ ಅಂಚಿಗೊಂದು ಬಣ್ಣ ಬರಬೇಕಾದರೆ ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿ ಆಡಿಸಬೇಕು. ಇಪ್ಪತ್ತೈದು ವರ್ಷ ತಿಪ್ಪಮ್ಮನ ಗಂಡ ಗುಂಡಿಯಲ್ಲಿ, ಆಕೆ ಪಕ್ಕದಲ್ಲಿ. ಎರಡನೇ ಅಲೆ ಆತನನ್ನು ಒಯ್ದಿತು. ಆಸ್ಪತ್ರೆಗೆ ನಡೆದುಕೊಂಡೇ ಹೋದವನ ಮುಖವನ್ನು ಆಮೇಲೆ ಅವರಿಗೆ ಯಾರೂ ತೋರಿಸಲಿಲ್ಲ. ಈಗ ಆಕೆ ಗಂಡನ ಜಾಗಕ್ಕೆ ಇಳಿದಿದ್ದಳು, ಆಕೆಯ ಜಾಗ ಖಾಲಿಯಿತ್ತು. ಆ ಮಗ್ಗ ನಿಲ್ಲಬಾರದು ಎನ್ನುವುದೊಂದೇ ಆಕೆಯ ಹಟ ಎಂದು ನಾನು ಬರೆದುಕೊಂಡೆ. “ದಿನಾ ಮಗ್ಗದಾಗೆ ಕುಂತಿರ್ತೀನಿ ಮೇಡಂ, ಬೆಳಿಗ್ಗೆಯಿಂದ ಸಂಜೆ ತಂಕ,” ಅಂದಿದ್ದಳು. ಅದರ ಕೆಳಗೆ ‘ತಾಯಿ: ದುಡಿಮೆಯಲ್ಲಿ ತೊಡಗಿದ್ದಾರೆ, ಸಮಸ್ಯೆಯಿಲ್ಲ’ ಎಂದು ಷರಾ ಹಾಕಿದೆ.

ಓಬಳೇಶನನ್ನು ವಿಚಾರಿಸಿದೆ. ಮಿಲ್ಲಿಗೆ ಒಂದು ದಿನವೂ ತಪ್ಪಿಸಿರಲಿಲ್ಲ. ಸಂಜೆ ಎರಡು ಗಂಟೆ ನಾಲ್ಕು ಜನ ಗೆಳೆಯರೊಂದಿಗೆ ಆಟ, ಭಾನುವಾರ ಸ್ವಲ್ಪ ಹೆಚ್ಚು. ಊಟ, ನಿದ್ದೆ ಎಲ್ಲ ಸರಿ. ನಾನು ಪ್ರಾಮಾಣಿಕವಾಗಿ ‘ಕ್ಯಾಶುವಲ್’ ಮನೆಗೆ ಗುರುತು ಹಾಕಿದೆ. ಹುಡುಗನ ಮುಖ ಕೆಂಪಾಯಿತು.

“ಮೇಡಂ, ಅದನ್ನ ಹೊಡ್ದಾಕ್ರಿ. ನಾನು ಹಾರ್ಡ್‌ಕೋರ್.”

“ಅದು ಕಾಯಿಲೆ ಕಣಪ್ಪಾ, ಬಿರುದಲ್ಲ,” ಅಂದೆ.

“ನಮ್ ಟೀಮಿಗೆ ಗೊತ್ತಾದ್ರೆ ನಗ್ತಾರೆ. ಕ್ಯಾಶುವಲ್ ಅಂದ್ರೆ ಬಸ್ಸಿಗೆ ಕಾಯೋವಾಗ ಆಡೋರು. ನಮ್ ಅವ್ವನಂಗೆ.”

ಆಗಲೇ ನನಗೆ ಗೊತ್ತಾಗಿದ್ದು, ತಿಪ್ಪಮ್ಮನೂ ಆಡುತ್ತಾಳೆ ಎಂದು. ಬೆಂಚಿನ ಮೇಲೆ ಕೂತಿದ್ದವಳ ಸೆರಗಿನ ಕೆಳಗೆ ಫೋನು ಬೆಳಗುತ್ತಿತ್ತು. ಒಂದೇ ಬಣ್ಣದ ಮೂರು ಮಣಿ ಸಾಲು ಸೇರಿಸಿದರೆ ಅವು ಒಡೆದು ಮಾಯವಾಗುವ ಆಟ. ಸದ್ದು ಪೂರ್ತಿ ಬಂದ್ ಮಾಡಿದ್ದಳು.

“ಅದೊಂದು ಗೇಮಾ ಮೇಡಂ? ಶೇಂಗಾ ಹಸನು ಮಾಡಿದಂಗೆ,” ಎಂದು ಮಗ ನಕ್ಕ.

“ನನ್ನ ಮಣಿ ನಿನ್ನ ಬಂದೂಕಕ್ಕಿಂತ ವಾಸಿ ಕಣೋ. ಯಾರ್ನೂ ಕೊಲ್ಲಲ್ಲ,” ಎಂದಳು ತಾಯಿ.

“ನೀವು ಯಾಕೆ ಆಡ್ತೀರಿ ತಿಪ್ಪಮ್ಮ?” ಎಂದು ಕೇಳಿದೆ.

“ಸುಮ್ನೆ ಮೇಡಂ.”

ಸುಮ್ನೆ. ನಮ್ಮ ಕಡೆ ದಿನಕ್ಕೆ ನೂರು ಸಲ ಕೇಳುವ ಮಾತು. ಸುಮ್ನೆ ಬಂದೆ, ಸುಮ್ನೆ ಅಂದೆ, ಸುಮ್ನೆ ನಕ್ಕೆ. ನನ್ನ ಫಾರಂನ ಕೊನೆಯಲ್ಲಿ ಮನೆಯವರಿಗೊಂದು ಸಣ್ಣ ಚೀಟಿಯಿತ್ತು, ಮುಂದಿನ ಸಲ ಬರುವಾಗ ತರಲಿ ಎಂದು ಅದನ್ನು ಹರಿದು ಅವರ ಕೈಗೇ ಕೊಡುತ್ತಿದ್ದೆ. ಅದರಲ್ಲಿ ಇಂಗ್ಲಿಷಿನಲ್ಲಿ ತಾಯಿ ಎಂದು ಬರೆದು ಮುಂದೆ ‘ಕ್ಯಾಶುವಲ್’ ಎಂದು ಗೀಚಿದೆ. ‘ಸುಮ್ನೆ’ ಎನ್ನುವುದಕ್ಕೆ ಅದಕ್ಕಿಂತ ಸರಿಯಾದ ಅನುವಾದ ಇಲ್ಲವೆಂದು ನನಗೆ ಖುಷಿಯೂ ಆಗಿತ್ತು.

ಹೀಗೆ ಒಟ್ಟು ಐದು ಗುರುವಾರ ಅವರು ಬಂದರು. ನಿಜ ಹೇಳುತ್ತೇನೆ, ಅದರಲ್ಲಿ ಮೂರು ಗುರುವಾರ ನಾನೂ ಓಬಳೇಶನೂ ಪದಗಳ ಮೇಲೆಯೇ ವಾದ ಮಾಡಿದೆವು. ಎಷ್ಟು ಹೊತ್ತು ಆಡಿದರೆ ಹಾರ್ಡ್‌ಕೋರ್? ಹೊತ್ತಲ್ಲ ಮೇಡಂ, ಆಟದ ಜಾತಿ ಮುಖ್ಯ ಎನ್ನುತ್ತಿದ್ದ. ಜಾತಿ ಎಂಬ ಪದವನ್ನೇ ಬಳಸುತ್ತಿದ್ದ. ಬಂದೂಕಿನ ಆಟ ಮೇಲು, ಮಣಿಯಾಟ ಕೀಳು. ಅದನ್ನು ಆಡುವ ಹೆಂಗಸರು, ಮುದುಕರು ಗೇಮರ್‌ಗಳೇ ಅಲ್ಲ. ಚುರುಕಾದ ಹುಡುಗ, ವಾದ ಮಾಡಲು ಹಿತವಾಗಿತ್ತು. ತಿಪ್ಪಮ್ಮ ಬೆಂಚಿನ ಮೇಲೆ ಮಣಿ ಒಡೆಯುತ್ತಾ ಕೂತಿರುತ್ತಿದ್ದಳು.

ನಾಲ್ಕನೆಯ ಗುರುವಾರ ಒಂದು ತಮಾಷೆ ನಡೆಯಿತು. ತಮಾಷೆ ಎಂದೇ ಅಂದು ನಾವೆಲ್ಲ ತಿಳಿದದ್ದು. ಆಕೆ ಬೇಗ ಬಂದಿದ್ದಳು, ನನ್ನ ಕೋಣೆಗೆ ಬೀಗ. ಚೀಟಿಯನ್ನು ಅಟೆಂಡರ್‌ಗೆ ತೋರಿಸಿ ಎಲ್ಲಿ ಕೂರಬೇಕು ಎಂದು ಕೇಳಿದ್ದಾಳೆ. ಆತ ಅಕ್ಷರ ಕೂಡಿಸಿ ಓದಿ, “ಕ್ಯಾಶುವಾಲ್ಟಿ ಅಂತ ಬರ್ದವ್ರೆ, ಆ ಕಡೆ ಐತೆ ಹೋಗವ್ವ,” ಎಂದು ತುರ್ತು ಚಿಕಿತ್ಸೆಯ ಕೋಣೆಗೆ ಕಳಿಸಿದ್ದಾನೆ. ಅಲ್ಲಿ ಅರ್ಧ ಗಂಟೆ ಕೂತಿದ್ದಾಳೆ. ಏನಾಗಿದೆ ಎಂದು ನರ್ಸ್ ಕೇಳಿದರೆ, “ಏನೂ ಇಲ್ಲ, ಸುಮ್ನೆ ಬಂದೆ. ಇದ್ರಾಗೆ ಇಲ್ಲಿಗೇ ಬರ್ದವ್ರಂತೆ,” ಎಂದಿದ್ದಾಳೆ. ನರ್ಸ್ ಚೀಟಿ ಹಿಡಿದು ಆಕೆಯನ್ನು ನನ್ನ ಬಳಿಗೆ ಕರೆತಂದಳು. ಕ್ಯಾಶುವಲ್ ಹೋಗಿ ಕ್ಯಾಶುವಾಲ್ಟಿ ಆಯಿತಲ್ಲ ಎಂದು ಇಬ್ಬರೂ ನಕ್ಕೆವು. ತಿಪ್ಪಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಕೆಯ ಎಡಗಾಲಿನ ಚಪ್ಪಲಿ ಕೈಯಲ್ಲಿತ್ತು. ಏನು ಎಂದು ಕೇಳಿದೆ. “ಕಚ್ತೈತೆ ಮೇಡಂ, ಹೊಸ್ದು,” ಅಂದಳು. ಆ ಚಪ್ಪಲಿ ಹೊಸದಾಗಿರಲಿಲ್ಲ. ಅದನ್ನು ನಾನು ನೋಡಿದ್ದೆ ಎಂಬುದು ನನಗೆ ಈಗಲೂ ನೆನಪಿದೆ.

ಐದನೆಯ ಗುರುವಾರ ಓಬಳೇಶ ತಿಂಗಳಿಗೆ ಎರಡು ಭಾನುವಾರ ಊರಿಗೆ ಹೋಗಲು ಒಪ್ಪಿದ. ಕೇಸು ಮುಗಿಯಿತೆಂದು ಫೈಲು ಕಟ್ಟಿದೆ.

ಮೂರು ವಾರದ ಮೇಲೆ ಅವನದೇ ಫೋನು. ಮೊದಲ ಭಾನುವಾರ ಮ್ಯಾಚಿತ್ತೆಂದು ಹೋಗಿರಲಿಲ್ಲ. ಎರಡನೆಯದಕ್ಕೆ ಹೋದಾಗ ಮನೆಯಲ್ಲಿ ಕೆಟ್ಟ ವಾಸನೆ. ಮಗ್ಗದ ಗುಂಡಿಯಲ್ಲಿ ಇಲಿ ಸತ್ತಿದೆ ಎಂದು ಇಳಿದು ಹುಡುಕಿದನಂತೆ. ವಾಸನೆ ಅವ್ವನ ಕಾಲಿನದು. ಆಕೆಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿತ್ತು. ನಾನು ಅದನ್ನು ಕೇಳಿಯೇ ಇರಲಿಲ್ಲ, ಫಾರಂನಲ್ಲಿ ಆ ಕಲಂ ಇರಲಿಲ್ಲ. ತುಳಿಯುವ ಹಲಗೆಯ ಸಿಬಿರು ಅಂಗಾಲಿಗೆ ಚುಚ್ಚಿತ್ತು. ಸಕ್ಕರೆ ಏರಿದವರ ಪಾದದ ನರಗಳು ಸತ್ತಿರುತ್ತವೆ, ನೋವೇ ತಿಳಿಯುವುದಿಲ್ಲ. ಅಂದು ಚಪ್ಪಲಿ ಕೈಗೆ ಬಂದದ್ದು ನೋವಿಗಲ್ಲ, ಊದಿದ ಪಾದ ಅದರಲ್ಲಿ ಹಿಡಿಯದೆ. ಅದಕ್ಕೇ ಡಾಕ್ಟರುಗಳು ದಿನಾ ಕನ್ನಡಿ ಹಿಡಿದು ಪಾದ ನೋಡಿಕೊಳ್ಳಿ ಎನ್ನುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅಂಗಾಲಿನ ಹುಣ್ಣಿಗೆ ಬೇಕು. ದೊಡ್ಡಾಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು.

ಆಕೆ ಮನೆಗೆ ಮರಳಿದ ಮೇಲೆ ಮೊಳಕಾಲ್ಮೂರಿಗೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು, ಕಾಲ ಮೇಲೆ ಹಳೇ ಸೀರೆ ಹೊದಿಸಿತ್ತು. ಎದುರಿಗೆ ಮಗ್ಗ. ಅದರ ಮೇಲೆ ಗಿಳಿಹಸಿರಿನ ಒಡಲು, ಕೆಂಪು ಅಂಚು, ಸುಮಾರು ಒಂದು ಮೊಳ ನೇಯ್ದ ಬಟ್ಟೆ. ಅದರ ಮೇಲೆ ಧೂಳು.

“ಇದು ಯಾವಾಗಿಂದು?” ಎಂದು ಕೇಳಿದೆ.

“ಅವರು ಇದ್ದಾಗಿಂದು.”

“ದಿನಾ ಮಗ್ಗದಾಗೆ ಕುಂತಿರ್ತೀನಿ ಅಂದಿದ್ರಿ?”

“ಕುಂತಿರ್ತಿದ್ದೆ ಮೇಡಂ. ಸುಳ್ಳಲ್ಲ. ನೇಯ್ದೆ ಅಂತ ನಾನು ಹೇಳ್ಲಿಲ್ಲ.”

ಒಂದು ವರ್ಷಕ್ಕೂ ಹೆಚ್ಚು ಕಾಲ ಆಕೆ ಗಂಡನ ಗುಂಡಿಗೆ ಕಾಲು ಇಳಿಬಿಟ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಮಣಿ ಒಡೆದಿದ್ದಳು. “ಮಗ್ಗದಾಗೆ ಕುಂತಿದ್ರೆ ಯಾರೂ ಏನೂ ಕೇಳಲ್ಲ,” ಎಂದಳು. “ಅದ್ರಾಗೆ ಐದು ಜೀವ ಕೊಡ್ತಾರೆ ಮೇಡಂ. ಎಲ್ಲಾ ಹೋದ್ರೆ ಅರ್ಧ ಗಂಟೆ ಕಾಯ್ಬೇಕು, ತಿರ್ಗಾ ಒಂದು ಬರ್ತೈತೆ. ಆ ಅರ್ಧ ಗಂಟೆನೇ ಕಷ್ಟ. ಆಡ್ತಾ ಇದ್ರೆ ತಲೆ ಸುಮ್ನಿರ್ತಿತ್ತು.”

ಆಗ ತಿಳಿಯಿತು, ಆಕೆಯ ‘ಸುಮ್ನೆ’ ಏನೆಂದು. ಕನ್ನಡದಲ್ಲಿ ಸುಮ್ಮನೆ ಎಂದರೆ ಕಾರಣವಿಲ್ಲದೆ ಎಂದೂ ಹೌದು, ಸದ್ದಿಲ್ಲದೆ ಎಂದೂ ಹೌದು. ಹುಟ್ಟಿದಾಗಿನಿಂದ ಆ ಪದ ಬಳಸುತ್ತಿದ್ದ ನಾನು ಅದರ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದೆ. ಮಾತ್ರೆ ಮರೆತಿರಾ ಎಂದು ಕೇಳಿದೆ.

“ಮರೀಲಿಲ್ಲ. ಸುಮ್ನೆ ಬಿಟ್ಟೆ.”

ಇದು ಖಿನ್ನತೆ, ಡಿಪ್ರೆಶನ್. ಮೊದಲ ವರ್ಷದ ವಿದ್ಯಾರ್ಥಿಯೂ ಗುರುತಿಸಬೇಕಾದದ್ದು. ಐದು ಗುರುವಾರ ನನ್ನ ಎದುರಿಗೇ ಬೆಂಚಿನ ಮೇಲೆ ಕೂತಿತ್ತು. ನಾನು ಆಕೆಯ ಮಗನ ಜೊತೆ ಬಿರುದಿನ ಬಗ್ಗೆ ಚರ್ಚಿಸುತ್ತಿದ್ದೆ.

ಓಬಳೇಶ ಬಾಗಿಲ ಬಳಿ ನಿಂತಿದ್ದ. ಅವ್ವನ ಫೋನು ತೆರೆದು ನನ್ನ ಮುಂದೆ ಹಿಡಿದ. ಎರಡು ಸಾವಿರದ ನಾನೂರು ಚಿಲ್ಲರೆಯ ಹಂತದಲ್ಲಿದ್ದಳು ಆಕೆ. “ನಮ್ ಟೀಮಿನಾಗೆ ಒಬ್ನೂ ಇಷ್ಟ್ ಆಡಿಲ್ಲ ಮೇಡಂ,” ಎಂದ. ಫೋನನ್ನು ಅವ್ವನ ಕೈಗಿಟ್ಟು ಹೊರಗೆ ಹೋದ. ಮಿಲ್ಲಿನ ಕೆಲಸ ಬಿಟ್ಟು ಬಂದಿದ್ದ, ಅವ್ವನ ಪಕ್ಕ ಕೂರಲು. ಆದರೆ ಅವನಿಗೆ ಬರುತ್ತಿದ್ದದ್ದು ಪಕ್ಕದಲ್ಲಿ ಕೂತು ಅಂಚಿನ ಲಾಳಿ ಆಡಿಸುವುದಷ್ಟೇ, ನೇಯಲು ಕಲಿತಿರಲಿಲ್ಲ. ಗುಂಡಿಯಲ್ಲಿ ಕೂತು ಎರಡು ಕಾಲಿನಿಂದ ತುಳಿಯುವವರು ಆ ಮನೆಯಲ್ಲಿ ಇನ್ನು ಇರಲಿಲ್ಲ. ರೇಷ್ಮೆ ಕೊಟ್ಟಿದ್ದ ಮಾಲೀಕರು ಆ ವಾರವೇ ಮಗ್ಗಕ್ಕೆ ಹೂಡಿದ್ದ ಹಾಸಿನ ನೂಲು ಕತ್ತರಿಸಿಕೊಂಡು ಹೋಗುತ್ತೇವೆಂದು ಹೇಳಿ ಕಳಿಸಿದ್ದರು.

ನಾನು ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ಕೇಳಿದಳು.

“ಅವತ್ತು ಆ ಕ್ಯಾಶುವಾಲ್ಟಿಯಾಗೆ ಕುಂತಿದ್ನಲ್ಲ ಮೇಡಂ. ನೀವು ವಾಪಸ್ ಕರೀದೆ ಇದ್ದಿದ್ರೆ, ಅಲ್ಲಿ ಕಾಲು ನೋಡ್ತಿದ್ರಾ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನೋಡ್ತಿದ್ರು ತಿಪ್ಪಮ್ಮ. ಉಳೀತಿತ್ತೇನೋ.”

ಆಕೆ ಮಗ್ಗದ ಕಡೆ ನೋಡಿದಳು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ಹಂಗಾದ್ರೆ ಆ ಚೀಟಿನ ಸರ್ಯಾಗ್ ಓದಿದ್ದು ಆ ಅಟೆಂಡರಪ್ಪನೇ ಅಲ್ವಾ,” ಎಂದಳು.

ಚಳ್ಳಕೆರೆಗೆ ಮರಳಿ ಉಳಿದ ಫಾರಂಗಳನ್ನೆಲ್ಲ ಹರಿದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಆ ಎರಡು ವರ್ಷ ಬಂದವರನ್ನೂ ಕರೆತಂದವರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಿದೆ. ಯಾರಾದರೂ “ಸುಮ್ನೆ” ಎಂದರೆ ಪೆನ್ನು ಕೆಳಗಿಟ್ಟು, ಸುಮ್ನೆ ಅಂದ್ರೆ ಏನು ಎಂದು ಕೇಳುತ್ತಿದ್ದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಅಷ್ಟೇ, ಅದೂ ಬೇರೆಯವರ ಕಾಲಿನ ಮೇಲೆ ಕಲಿಸಿದ್ದು. ತಿಪ್ಪಮ್ಮ ಆಮೇಲೆ ನಮ್ಮಲ್ಲೇ ಖಿನ್ನತೆಗೆ ಮಾತ್ರೆ ತೆಗೆದುಕೊಂಡಳು, ಗುಣವೂ ಕಂಡಿತು. ಕೊನೆಯ ಸಲ ನಾನು ಅವರ ಮನೆಗೆ ಹೋದಾಗ ಮಗ್ಗ ಇರಲಿಲ್ಲ. ಗುಂಡಿಗೆ ಓಬಳೇಶ ಮಣ್ಣು ತುಂಬಿ, ಮೇಲೆ ಸಗಣಿ ಸಾರಿಸಿ, ಅವ್ವ ಕೂರಲೆಂದು ಅಲ್ಲಿ ಒಂದು ಕುರ್ಚಿ ಹಾಕಿದ್ದ.