ಮೆತ್ತೆಯ ತಗ್ಗು

ಕುರ್ಚಿ ಮೇಷ್ಟ್ರೆಂದೇ ಹೆಸರಾದ ಈ ಚಿತ್ರಕಾರರು ಮನುಷ್ಯರನ್ನು ಬರೆದವರಲ್ಲ. ಮನುಷ್ಯರು ಎದ್ದುಹೋದ ಕುರ್ಚಿಯನ್ನಷ್ಟೇ ಬರೆಯುವವರು. ಮನೆಗೆ ಯಾರೇ ಬರಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅರ್ಧ ಗಂಟೆ ಕೂರಿಸಿ, ಮಾತು ರಂಗೇರುವ ಹೊತ್ತಿಗೆ ಸರಿಯಾಗಿ "ಇನ್ನು ಏಳಿ" ಎನ್ನುತ್ತಾರೆ. ಕೂತೆದ್ದವರು ಮೆತ್ತೆಯಲ್ಲಿ ಉಳಿಸಿದ ತಗ್ಗು ತುಂಬಿಕೊಳ್ಳಲು ಹನ್ನೊಂದು ನಿಮಿಷ ಬೇಕೆಂದು ಗಡಿಯಾರ ಹಿಡಿದು ಕಂಡುಕೊಂಡಿದ್ದಾರೆ. ಅಷ್ಟರೊಳಗೆ ಕುಂಚ ಓಡಬೇಕು. ಒಂಟಿತನಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯವಿಲ್ಲವೆಂಬುದು ಅವರ ಸಿದ್ಧಾಂತ. "ಭಾವನ ಮನೇಲಿ ಕಾಫಿ ಆರೋಕೆ ಮುಂಚೆ ನೆಂಟಸ್ತನ ಆರುತ್ತೆ" ಎಂದು ಭಾವಮೈದ ಹಂಗಿಸಿದರೂ ಜಗ್ಗಲಿಲ್ಲ. "ಒಂದ್ಸಲ ನಾನು ಕೂತಿರುವಾಗಲೇ ಬರೀರಿ" ಎಂದು ಹೆಂಡತಿ ಕೇಳಿದಾಗಲೂ, "ಮೊದಲು ಏಳು, ಆಮೇಲೆ ನೋಡೋಣ" ಎಂದರು. ಆಕೆ ಎದ್ದರು, ಕೆಲವೇ ತಿಂಗಳಲ್ಲಿ ಮನೆಯನ್ನೇ ಬಿಟ್ಟು ಹೊರಟರು. ಆಕೆ ಕುರ್ಚಿಯಿಂದೆದ್ದ ದಿನ ಬರೆದ ಚಿತ್ರಕ್ಕೆ ದೊಡ್ಡ ಬಹುಮಾನ ಬಂತು. ಅದರಲ್ಲಿ ಮೆತ್ತೆಯ ಒಂದೊಂದು ಹೊಲಿಗೆಯೂ ಇದೆ, ಆಕೆಯ ಮುಖ ಮಾತ್ರ ಮನೆಯ ಯಾವ ಗೋಡೆಯ ಮೇಲೂ ಇಲ್ಲ. ಈಗ ತಿಂಗಳಿಗೊಮ್ಮೆ ಬರುವ ಮಗಳು ಅರ್ಧ ಗಂಟೆಯಾದೊಡನೆ, ಹೇಳಿಸಿಕೊಳ್ಳದೆ, ತಾನಾಗಿಯೇ ಏಳುತ್ತಾಳೆ. "ಬೇಗ ಬರ್ಕೊಳ್ಳಿ ಅಪ್ಪ, ಹನ್ನೊಂದೇ ನಿಮಿಷ" ಎಂದು ಅಕ್ಕರೆಯಿಂದ ಹೇಳಿ ಚಪ್ಪಲಿ ಮೆಟ್ಟುತ್ತಾಳೆ. ಕೂತಿರು ಎನ್ನಲೆಂದು ಬಾಗಿಲವರೆಗೆ ಹೋಗಿ ಹಾಗೇ ಮರಳಿ, ಮೇಷ್ಟ್ರು ಕುಂಚ ಮುಟ್ಟದೆ, ಮೆತ್ತೆ ಮೆಲ್ಲಗೆ ಉಬ್ಬಿ ಮೊದಲಿನಂತಾಗುವುದನ್ನು ನೋಡುತ್ತ ನಿಲ್ಲುತ್ತಾರೆ.